ಊರಿನ ಉದ್ಯೋಗ, ಸೇನೆಯ ಕರೆ: ಪ್ರಾದೇಶಿಕ ಸೇನೆಗೆ ಸೇರುವವರು ತಿಳಿದಿರಬೇಕಾದ ಸಂಗತಿಗಳು

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ದಾಟಿ ಮುಂದೆ ಹೋದರೆ ಹಾವೇರಿ ಜಿಲ್ಲೆಯ ಹಾನಗಲ್ ತಾಲೂಕು ಸಿಗುತ್ತದೆ. ಆ ತಾಲೂಕಿನ ದೊಡ್ಡ ಊರುಗಳಲ್ಲಿ ತಿಳವಳ್ಳಿಯೂ ಒಂದು. ಹದಿಮೂರನೇ ಶತಮಾನದ ಶಾಂತೇಶ್ವರ ದೇವಾಲಯದಿಂದ ಹೆಸರಾದ ಈ ಊರಿನ ಸುತ್ತಮುತ್ತ ಭತ್ತ ಮತ್ತು ಗೋವಿನಜೋಳವೇ ಹೆಚ್ಚಿನವರ ಬದುಕು. ಓದು ಮುಗಿಸಿದ ಮಕ್ಕಳು ಹಾನಗಲ್, ಹಾವೇರಿ, ಶಿರಸಿ, ಹುಬ್ಬಳ್ಳಿಗಳಲ್ಲಿ ಕೆಲಸ ಹುಡುಕುತ್ತಾರೆ. ಉತ್ತರ ಕರ್ನಾಟಕದ ಅನೇಕ ಊರುಗಳಂತೆ ಇಲ್ಲಿಯೂ ಸೇನೆ ಮತ್ತು ಪೊಲೀಸ್ ಭರ್ತಿಯ ಆಸೆ ಇಟ್ಟುಕೊಂಡ ಯುವಕರು ಇದ್ದಾರೆ.

ಇಂಥ ಯುವಕರಿಗೆ ಆಗಾಗ ಕೇಳಿಬರುವ ಒಂದು ಹೆಸರು ಪ್ರಾದೇಶಿಕ ಸೇನೆ, ಅಂದರೆ ಟೆರಿಟೋರಿಯಲ್ ಆರ್ಮಿ. ಚಿಕ್ಕದಾಗಿ ಟಿ.ಎ. ಎನ್ನುತ್ತಾರೆ. 2024ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಇದರ ಭರ್ತಿ ಮೇಳ ನಡೆದಾಗ ಕರ್ನಾಟಕದಿಂದ ಮಾತ್ರವಲ್ಲ, ನೆರೆಯ ರಾಜ್ಯಗಳಿಂದಲೂ ಸಾವಿರಾರು ಯುವಕರು ಬಂದು ಸೇರಿದ್ದರು. ಆದರೆ ಬಂದವರಲ್ಲಿ ಎಷ್ಟು ಜನರಿಗೆ ಇದು ಕಾಯಂ ನೌಕರಿಯಲ್ಲ ಎಂಬುದು ತಿಳಿದಿತ್ತು? ಟಿ.ಎ.ಗೆ ಆಯ್ಕೆಯಾದೆನೆಂದು ಇದ್ದ ಕೆಲಸಕ್ಕೆ ರಾಜೀನಾಮೆ ಕೊಡುವವರು ಮುಂದೆ ಕಷ್ಟಕ್ಕೆ ಸಿಲುಕಬಹುದು. ಕೆಲಸಗಾರನೊಬ್ಬ ಸೇನೆಯ ಕರೆಗೆ ಓಗೊಟ್ಟು ಹೋದನೆಂದು ಅವನ ಜಾಗಕ್ಕೆ ಬೇರೆಯವರನ್ನು ಸೇರಿಸಿಕೊಳ್ಳುವ ಮಾಲೀಕರೂ ಕಾನೂನಿನ ತೊಡಕಿಗೆ ಸಿಲುಕಬಹುದು. ಆದ್ದರಿಂದ ಯುವಕರು, ಅವರ ಮನೆಯವರು ಮತ್ತು ಕೆಲಸ ಕೊಡುವವರು, ಈ ಮೂವರೂ ತಿಳಿದಿರಬೇಕಾದ ಮಾಹಿತಿಯನ್ನು ಇಲ್ಲಿ ಒಟ್ಟಾಗಿ ಕೊಡಲಾಗಿದೆ.

ಪ್ರಾದೇಶಿಕ ಸೇನೆ ಎಂದರೇನು?

ಪ್ರಾದೇಶಿಕ ಸೇನೆ ನಮ್ಮ ಭೂಸೇನೆಯ ಒಂದು ಭಾಗ. ಇದರಲ್ಲಿ ಇರುವವರು ಮೂಲತಃ ನಾಗರಿಕರು. ಯಾರೋ ವಕೀಲರು, ಯಾರೋ ಬ್ಯಾಂಕ್ ನೌಕರರು, ಯಾರೋ ರೈತರು, ಯಾರೋ ಅಂಗಡಿ ಇಟ್ಟುಕೊಂಡವರು. ವರ್ಷದ ಕೆಲವು ದಿನ ಇವರು ಸಮವಸ್ತ್ರ ತೊಟ್ಟು ತರಬೇತಿ ಪಡೆಯುತ್ತಾರೆ. ಯುದ್ಧ, ಗಲಭೆ, ಪ್ರವಾಹದಂಥ ಸಂದರ್ಭದಲ್ಲಿ ಸರ್ಕಾರ ಕರೆದರೆ ಹೋಗಿ ಪೂರ್ಣಾವಧಿ ಸೈನಿಕರಂತೆ ದುಡಿಯುತ್ತಾರೆ. ಕರೆಯ ಅವಧಿ ಮುಗಿದ ಮೇಲೆ ತಮ್ಮ ಉದ್ಯೋಗಕ್ಕೆ ಮರಳುತ್ತಾರೆ. ಸ್ಥಾಯಿ ಸೇನೆಯನ್ನು ಕಾವಲು, ರಕ್ಷಣೆಯಂಥ ಕೆಲಸಗಳಿಂದ ಬಿಡುಗಡೆ ಮಾಡುವುದು, ಆಡಳಿತಕ್ಕೆ ನೆರವಾಗುವುದು, ಬೇಕಾದಾಗ ಹೆಚ್ಚುವರಿ ತುಕಡಿಗಳನ್ನು ಒದಗಿಸುವುದು ಇದರ ಮುಖ್ಯ ಉದ್ದೇಶಗಳು. "ಸಾವಧಾನಿ ವ ಶೂರತಾ" ಎಂಬುದು ಇದರ ಧ್ಯೇಯವಾಕ್ಯ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಪ್ರಾದೇಶಿಕ ಸೇನೆ ಪೂರ್ಣಾವಧಿ ವೃತ್ತಿಯನ್ನು ಕೊಡುವುದಿಲ್ಲ. ನೌಕರಿಯೋ ಸ್ವಂತ ಉದ್ಯೋಗವೋ ಒಂದು ಜೀವನೋಪಾಯ ಮೊದಲೇ ಇರಬೇಕು ಎಂಬುದು ಇಲ್ಲಿ ಸೇರಲು ಇರುವ ಷರತ್ತು. ಉದ್ಯೋಗ ಇಲ್ಲದವನಿಗೆ ಉದ್ಯೋಗ ಕೊಡಲು ಈ ವ್ಯವಸ್ಥೆಯನ್ನು ಮಾಡಿದ್ದಲ್ಲ. ಉದ್ಯೋಗ ಇರುವವನು ಅದರ ಮೇಲೆ ಇನ್ನೊಂದು ಹೊಣೆಯನ್ನು ತಾನಾಗಿ ಹೊರುವ ವ್ಯವಸ್ಥೆ ಇದು.

ಹಿನ್ನೆಲೆ

ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಬ್ರಿಟಿಷ್ ಸರ್ಕಾರ ಇಂಡಿಯನ್ ಡಿಫೆನ್ಸ್ ಫೋರ್ಸ್ ಎಂಬ ಪಡೆಯನ್ನು ಕಟ್ಟಿತು. 1920ರ ಕಾಯಿದೆಯ ಮೂಲಕ ಇಂಡಿಯನ್ ಟೆರಿಟೋರಿಯಲ್ ಫೋರ್ಸ್ ಬಂತು. ಸ್ವಾತಂತ್ರ್ಯದ ನಂತರ 1948ರಲ್ಲಿ ಪ್ರಾದೇಶಿಕ ಸೇನಾ ಕಾಯಿದೆ ಜಾರಿಯಾಯಿತು. 1949ರ ಅಕ್ಟೋಬರ್ 9ರಂದು ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಇದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಆದ್ದರಿಂದಲೇ ಅಕ್ಟೋಬರ್ 9ನ್ನು ಪ್ರಾದೇಶಿಕ ಸೇನಾ ದಿನವಾಗಿ ಆಚರಿಸಲಾಗುತ್ತದೆ. ಆಗ ಭೂಸೇನೆಯ ಮಹಾದಂಡನಾಯಕರಾಗಿದ್ದವರು ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪನವರು.

1962, 1965 ಮತ್ತು 1971ರ ಯುದ್ಧಗಳಲ್ಲಿ ಈ ಸೇನೆಯ ಘಟಕಗಳು ಕೆಲಸ ಮಾಡಿವೆ. ಕರ್ನಾಟಕಕ್ಕೆ ಹತ್ತಿರವಾದ ಘಟಕಗಳೆಂದರೆ ಬೆಳಗಾವಿಯ 115ನೇ ಪದಾತಿ ಬೆಟಾಲಿಯನ್ (ಮಹಾರ್) ಮತ್ತು ಬೆಂಗಳೂರಿನ 106ನೇ ಪದಾತಿ ಬೆಟಾಲಿಯನ್ (ಪ್ಯಾರಾ). ಕ್ರಿಕೆಟಿಗ ಎಂ.ಎಸ್. ಧೋನಿ ಅವರಿಗೆ 2011ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಸಿಕ್ಕಿದ್ದು ಈ ಸೇನೆಯಲ್ಲೇ. 2019ರಲ್ಲಿ ಅವರು 106ನೇ ಬೆಟಾಲಿಯನ್ ಜತೆ ಕಾಶ್ಮೀರದಲ್ಲಿ ಕೆಲವು ದಿನ ಇದ್ದರು. ಆದರೆ ಗೌರವ ಪದವಿ ಬೇರೆ, ಭರ್ತಿಯಾಗಿ ಸೇರುವುದು ಬೇರೆ. ಭರ್ತಿಯಾದವನಿಗೆ ಕರೆ ಬಂದರೆ ಹೋಗಲೇಬೇಕು.

ಪದಾತಿ ಬೆಟಾಲಿಯನ್‌ಗಳಲ್ಲದೆ ಬೇರೆ ಬಗೆಯ ಘಟಕಗಳೂ ಇವೆ. ಕಾಡು ಬೆಳೆಸುವ ಪರಿಸರ ಬೆಟಾಲಿಯನ್‌ಗಳಲ್ಲಿ ಮೊದಲನೆಯದು 1982ರಲ್ಲಿ ಗಢವಾಲ್ ಪ್ರದೇಶದಲ್ಲಿ ಆರಂಭವಾಯಿತು. ತೈಲ ಸಂಸ್ಥೆಗಳು ಮತ್ತು ರೈಲ್ವೆಯ ನೌಕರರಿಂದಲೇ ಕಟ್ಟಿದ ಇಲಾಖಾ ಘಟಕಗಳು ಇನ್ನೊಂದು ಬಗೆ. ರೈಲ್ವೆ ಘಟಕಗಳಲ್ಲಿ ಹೆಚ್ಚಿನವನ್ನು ಮುಚ್ಚಲು ಇತ್ತೀಚಿನ ವರ್ಷಗಳಲ್ಲಿ ನಿರ್ಧಾರವಾಯಿತು. ಆದರೂ ಅವುಗಳ ಇತಿಹಾಸದ ಒಂದು ಪುಟವನ್ನು ನೆನೆಯಬೇಕು. 1974ರ ರೈಲ್ವೆ ಮುಷ್ಕರದ ಕಾಲದಲ್ಲಿ ಈ ಘಟಕಗಳನ್ನು ಸೇವೆಗೆ ಕರೆಯಲಾಯಿತು. ನಿನ್ನೆಯವರೆಗೆ ಜತೆಯಲ್ಲಿ ದುಡಿದವರು ಮುಷ್ಕರದಲ್ಲಿದ್ದಾಗ ತಾನು ಸಮವಸ್ತ್ರ ತೊಟ್ಟು ರೈಲು ಓಡಿಸಬೇಕಾದ ನೌಕರನ ಸ್ಥಿತಿಯನ್ನು ಊಹಿಸಬಹುದು. ಎರಡು ಹೊಣೆ ಹೊತ್ತವನಿಗೆ ಇಂಥ ಇಕ್ಕಟ್ಟು ಯಾವ ದಿನವಾದರೂ ಎದುರಾಗಬಹುದು.

ಯಾರು ಸೇರಬಹುದು?

1. ವಯಸ್ಸು 18ರಿಂದ 42 ವರ್ಷದೊಳಗಿರಬೇಕು. ಸ್ಥಾಯಿ ಸೇನೆಯ ವಯೋಮಿತಿ ದಾಟಿದವರಿಗೂ ಇಲ್ಲಿ ಅವಕಾಶವಿರುವುದು ಇದರಿಂದಲೇ.

2. ಅಧಿಕಾರಿ ಹುದ್ದೆಗೆ ಪದವಿ ಆಗಿರಬೇಕು, ಸಂಪಾದನೆಯ ಉದ್ಯೋಗವೂ ಇರಬೇಕು. ಲಿಖಿತ ಪರೀಕ್ಷೆ, ಸಂದರ್ಶನ, ಸೇವಾ ಆಯ್ಕೆ ಮಂಡಳಿಯ ಪರೀಕ್ಷೆ ಮತ್ತು ವೈದ್ಯಕೀಯ ತಪಾಸಣೆ ದಾಟಬೇಕು.

3. ಸೈನಿಕ ಹುದ್ದೆಗೆ ಭರ್ತಿ ಮೇಳದಲ್ಲಿ ಓಟ, ದೇಹದಾರ್ಢ್ಯ, ವೈದ್ಯಕೀಯ ಮತ್ತು ಲಿಖಿತ ಪರೀಕ್ಷೆಗಳಿರುತ್ತವೆ. ಸಾಮಾನ್ಯ ಕರ್ತವ್ಯದ ಸೈನಿಕನಿಗೆ ಹತ್ತನೇ ತರಗತಿ ಪಾಸಾಗಿರಬೇಕು. ಅಂಕ, ಎತ್ತರ ಮೊದಲಾದ ವಿವರಗಳನ್ನು ಆಯಾ ಅಧಿಸೂಚನೆಯಲ್ಲೇ ನೋಡಿಕೊಳ್ಳಬೇಕು.

4. ಸ್ಥಾಯಿ ಸೇನೆ, ಪೊಲೀಸ್ ಮತ್ತು ಅರೆಸೇನಾ ಪಡೆಗಳಲ್ಲಿ ಈಗ ಸೇವೆಯಲ್ಲಿರುವವರು ಅಧಿಕಾರಿ ಹುದ್ದೆಗೆ ಅರ್ಜಿ ಹಾಕುವಂತಿಲ್ಲ. ಇತರ ಸರ್ಕಾರಿ ನೌಕರರು ತಮ್ಮ ಇಲಾಖೆಯ ನಿರಾಕ್ಷೇಪಣಾ ಪತ್ರವನ್ನು ಪಡೆಯಬೇಕು.

5. ಇಲಾಖಾ ಘಟಕಗಳಲ್ಲಿ ಮಾತ್ರವಲ್ಲ, ಇತ್ತೀಚಿನ ಅಧಿಕಾರಿ ನೇಮಕಾತಿಯ ಅಧಿಸೂಚನೆಗಳಲ್ಲಿ ಮಹಿಳೆಯರಿಗೂ ಅವಕಾಶ ನೀಡಲಾಗಿದೆ.

ಭರ್ತಿ ಮೇಳದಲ್ಲಿ ಭಾಗವಹಿಸಲು ಯಾವ ಮಧ್ಯವರ್ತಿಗೂ ಹಣ ಕೊಡಬೇಕಾಗಿಲ್ಲ. "ಕೆಲಸ ಮಾಡಿಸಿಕೊಡುತ್ತೇನೆ" ಎಂದು ಹೇಳಿಕೊಂಡು ಮನೆಬಾಗಿಲಿಗೆ ಬರುವವರ ಮಾತಿಗೆ ಹೊಲ ಅಡವಿಟ್ಟವರು ಹೊಲವನ್ನೂ ಕಳೆದುಕೊಳ್ಳುತ್ತಾರೆ, ನೌಕರಿಯನ್ನೂ ಕಾಣುವುದಿಲ್ಲ.

ವರ್ಷಕ್ಕೆ ಎಷ್ಟು ದಿನ?

ಘಟಕಗಳಲ್ಲಿ ಪಟ್ಟಣ ಘಟಕ ಮತ್ತು ಪ್ರಾಂತೀಯ ಘಟಕ ಎಂಬ ಎರಡು ಬಗೆ. ಪ್ರಾಂತೀಯ ಘಟಕದ ಸೈನಿಕನಿಗೆ ಮೊದಲ ವರ್ಷ 36 ದಿನಗಳ ಆರಂಭಿಕ ತರಬೇತಿ. ನಂತರ ಪ್ರತಿ ವರ್ಷ ಎರಡು ತಿಂಗಳ ಶಿಬಿರ. ಪಟ್ಟಣ ಘಟಕಗಳಲ್ಲಿ ವಾರ್ಷಿಕ ತರಬೇತಿ 30 ದಿನ. ಇದನ್ನು ವಾರಾಂತ್ಯ, ರಜಾದಿನಗಳಲ್ಲಿ ಹಂಚಿಕೊಳ್ಳುವ ಏರ್ಪಾಡೂ ಇದೆ. ಅಧಿಕಾರಿಗಳಿಗೆ ಮೊದಲ ವರ್ಷ ಒಂದು ತಿಂಗಳ ಮೂಲ ತರಬೇತಿ, ಪ್ರತಿ ವರ್ಷ ಎರಡು ತಿಂಗಳ ಶಿಬಿರ, ಮೊದಲ ಎರಡು ವರ್ಷಗಳೊಳಗೆ ಮೂರು ತಿಂಗಳ ಇನ್ನೊಂದು ತರಬೇತಿ ಇರುತ್ತದೆ.

ಕಾಗದದ ಮೇಲೆ ಲೆಕ್ಕ ಇಷ್ಟೇ. ವಾಸ್ತವದಲ್ಲಿ ಪದಾತಿ ಬೆಟಾಲಿಯನ್‌ಗಳನ್ನು ಜಮ್ಮು ಮತ್ತು ಕಾಶ್ಮೀರ, ಈಶಾನ್ಯ ರಾಜ್ಯಗಳಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸೇವೆಯಲ್ಲಿ ಇಟ್ಟುಕೊಳ್ಳಲಾಗುತ್ತದೆ. ಹೀಗೆ ಸೇವೆಗೆ ಕರೆಸಿಕೊಳ್ಳುವುದನ್ನು ಸೇನೆಯ ಭಾಷೆಯಲ್ಲಿ ಎಂಬಾಡಿಮೆಂಟ್ ಎನ್ನುತ್ತಾರೆ. ಅಗತ್ಯ ಮುಗಿದು ಊರಿಗೆ ಕಳಿಸುವುದು ಡಿಸ್‌ಎಂಬಾಡಿಮೆಂಟ್. ಈ ಎರಡು ಶಬ್ದಗಳನ್ನು ಮನೆಯವರೂ ತಿಳಿದಿರುವುದು ಒಳ್ಳೆಯದು. ಮಗ ಎರಡು ತಿಂಗಳಿಗೆಂದು ಹೋದವನು ಎರಡು ವರ್ಷ ಬಾರದೆ ಇರಬಹುದು. ಕಾಯಂ ಆಗಿ ಇರುತ್ತೇನೆಂದುಕೊಂಡವನು ಒಂದು ದಿನ ಪೆಟ್ಟಿಗೆ ಹಿಡಿದು ಮನೆಗೆ ಮರಳಬಹುದು.

ಅಪಾಯವೂ ನಿಜವಾದದ್ದೇ. 2022ರ ಜೂನ್ 30ರಂದು ಮಣಿಪುರದ ನೋನಿ ಜಿಲ್ಲೆಯ ತುಪುಲ್‌ನಲ್ಲಿ ರೈಲು ಮಾರ್ಗದ ಕಾಮಗಾರಿಯ ಬಳಿ ಗುಡ್ಡ ಕುಸಿಯಿತು. ಅಲ್ಲಿ ಕಾವಲಿಗಿದ್ದ 107ನೇ ಪ್ರಾದೇಶಿಕ ಸೇನಾ ಬೆಟಾಲಿಯನ್ನಿನ ಇಪ್ಪತ್ತಕ್ಕೂ ಹೆಚ್ಚು ಸೈನಿಕರು ಮಣ್ಣಿನಡಿ ಸಿಲುಕಿ ಪ್ರಾಣ ಕಳೆದುಕೊಂಡರು. "ಅರೆಕಾಲಿಕ" ಎಂಬ ಶಬ್ದ ಕೇಳಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

2025ರ ಆದೇಶ

ಪಹಲ್ಗಾಮ್ ಘಟನೆಯ ನಂತರದ ದಿನಗಳಲ್ಲಿ, 2025ರ ಮೇ 6ರಂದು, ರಕ್ಷಣಾ ಸಚಿವಾಲಯ ಒಂದು ಆದೇಶ ಹೊರಡಿಸಿತು. 1948ರ ಪ್ರಾದೇಶಿಕ ಸೇನಾ ನಿಯಮಗಳ 33ನೇ ನಿಯಮದ ಅಡಿಯಲ್ಲಿ ಈ ಸೇನೆಯ ಪ್ರತಿಯೊಬ್ಬ ಅಧಿಕಾರಿ ಮತ್ತು ಸೈನಿಕನನ್ನು ಸೇವೆಗೆ ಕರೆಯುವ ಅಧಿಕಾರವನ್ನು ಭೂಸೇನಾ ಮುಖ್ಯಸ್ಥರಿಗೆ ನೀಡಲಾಯಿತು. ಇರುವ 32 ಪದಾತಿ ಬೆಟಾಲಿಯನ್‌ಗಳಲ್ಲಿ 14ನ್ನು ವಿವಿಧ ಕಮಾಂಡ್‌ಗಳಲ್ಲಿ ನಿಯೋಜಿಸಲು ಅನುಮತಿಯೂ ಸಿಕ್ಕಿತು. ಆದೇಶದ ಅವಧಿ 2025ರ ಫೆಬ್ರುವರಿ 10ರಿಂದ 2028ರ ಫೆಬ್ರುವರಿ 9ರವರೆಗೆ, ಅಂದರೆ ಮೂರು ವರ್ಷ. ಕರೆ ಎಂಬುದು ಬರೀ ಪುಸ್ತಕದ ಮಾತಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಸಂಬಳ ಮತ್ತು ಪಿಂಚಣಿ

ತರಬೇತಿಯಲ್ಲಿರುವಾಗ ಮತ್ತು ಸೇವೆಗೆ ಕರೆಸಿಕೊಂಡಿರುವಾಗ ಸ್ಥಾಯಿ ಸೇನೆಯ ಅದೇ ದರ್ಜೆಯವರಂತೆ ಸಂಬಳ, ಭತ್ಯೆ, ವೈದ್ಯಕೀಯ ಸೌಲಭ್ಯ ಮತ್ತು ಕ್ಯಾಂಟೀನ್ ಸೌಲಭ್ಯ ಸಿಗುತ್ತವೆ. ಆ ದಿನಗಳಲ್ಲಿ ಸೇನಾ ಕಾಯಿದೆಯ ಶಿಸ್ತೂ ಅನ್ವಯಿಸುತ್ತದೆ. ಊರಲ್ಲಿ ತನ್ನ ಉದ್ಯೋಗದಲ್ಲಿರುವ ದಿನಗಳಿಗೆ ಸೇನೆಯಿಂದ ಸಂಬಳವಿಲ್ಲ.

ಪಿಂಚಣಿಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಸೈನಿಕರಿಗೆ ಒಟ್ಟು 15 ವರ್ಷ, ಅಧಿಕಾರಿಗಳಿಗೆ ಒಟ್ಟು 20 ವರ್ಷ ಎಂಬಾಡಿಡ್ ಸೇವೆ, ಅಂದರೆ ಸಮವಸ್ತ್ರದಲ್ಲಿ ಕರೆಯ ಮೇಲೆ ಮಾಡಿದ ಸೇವೆ ತುಂಬಿದರೆ ಮಾತ್ರ ಪಿಂಚಣಿ. ಹೆಸರು ಪಟ್ಟಿಯಲ್ಲಿದ್ದ ವರ್ಷಗಳೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ವರ್ಷಕ್ಕೆ ಎರಡೇ ತಿಂಗಳು ಸೇವೆ ಮಾಡುವವನಿಗೆ 15 ವರ್ಷ ತುಂಬಬೇಕಾದರೆ 90 ವರ್ಷ ಬೇಕು. ಆದ್ದರಿಂದ ಮುದಿವಯಸ್ಸಿನ ಆಧಾರ ಟಿ.ಎ.ಯಿಂದಲೇ ಬರುತ್ತದೆಂದು ನಂಬಿ ಊರಿನ ಕೆಲಸದ ಭವಿಷ್ಯ ನಿಧಿಯನ್ನು ಬಿಡಬಾರದು.

ಕೆಲಸದ ರಕ್ಷಣೆ: ಕಾನೂನು ಏನು ಹೇಳುತ್ತದೆ?

ನಮ್ಮ ಓದುಗರು ಗಮನವಿಟ್ಟು ಓದಬೇಕಾದ ಭಾಗ ಇದು. 1948ರ ಕಾಯಿದೆಯ 7ಎ ಮತ್ತು 7ಬಿ ವಿಧಿಗಳು ಸೇನೆಯ ಕರೆಗೆ ಹೋದವನ ನಾಗರಿಕ ಉದ್ಯೋಗವನ್ನು ಕಾಯುತ್ತವೆ. ಇವುಗಳ ಸಾರಾಂಶ ಹೀಗಿದೆ:

• ಸೇನಾ ಸೇವೆಗೆ ಕರೆ ಬಂದ ನೌಕರನಿಗೆ ಬೇಕಾದಷ್ಟು ರಜೆ ಕೊಡುವುದು ಪ್ರತಿ ಮಾಲೀಕನ ಕರ್ತವ್ಯ. ತರಬೇತಿಗಾಗಿ ಬಂದ ಕರೆಯೂ ಇದರಲ್ಲಿ ಸೇರಿದೆ.

• ಸೇವೆ ಮುಗಿಸಿ ಬಂದಾಗ ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು. ಅವನು ಹೋಗದೆ ಇಲ್ಲೇ ಇದ್ದಿದ್ದರೆ ಯಾವ ಸ್ಥಾನಮಾನ ಇರುತ್ತಿತ್ತೋ ಅದಕ್ಕಿಂತ ಕಡಿಮೆಯಾಗಬಾರದು.

• ಮಾಲೀಕ ನಿರಾಕರಿಸಿದರೆ ಅಥವಾ ಸಾಧ್ಯವಿಲ್ಲ ಎಂದರೆ ಇಬ್ಬರಲ್ಲಿ ಯಾರಾದರೂ ನಿಯಮಗಳಲ್ಲಿ ಸೂಚಿಸಿದ ಪ್ರಾಧಿಕಾರದ ಮುಂದೆ ಹೋಗಬಹುದು. ಆ ಪ್ರಾಧಿಕಾರ ಮರುನೇಮಕಕ್ಕೆ ಆದೇಶಿಸಬಹುದು, ಆರು ತಿಂಗಳ ಸಂಬಳ ಮೀರದಂತೆ ಪರಿಹಾರ ಕೊಡಿಸಬಹುದು, ಇಲ್ಲವೇ ಕಾರಣ ಸರಿಯೆನಿಸಿದರೆ ಮಾಲೀಕನಿಗೆ ವಿನಾಯಿತಿ ನೀಡಬಹುದು.

• ಆದೇಶ ಪಾಲಿಸದ ಮಾಲೀಕನಿಗೆ ಒಂದು ಸಾವಿರ ರೂಪಾಯಿವರೆಗೆ ದಂಡ ವಿಧಿಸಬಹುದು.

• ಸೇವೆ ಮುಗಿದ ಎರಡು ತಿಂಗಳೊಳಗೆ ನೌಕರನು ಮರುಸೇರ್ಪಡೆಗೆ ಕೇಳಿಕೊಳ್ಳಬೇಕು. ಕೇಳಿಕೊಳ್ಳಲಿಲ್ಲ ಎಂದು ಮಾಲೀಕ ತೋರಿಸಿಕೊಟ್ಟರೆ ಅವನ ಮೇಲಿನ ದೂರು ನಿಲ್ಲುವುದಿಲ್ಲ.

• ಈ ಹೊಣೆಯಿಂದ ನುಣುಚಿಕೊಳ್ಳಲು ಮೊದಲೇ ಕೆಲಸದಿಂದ ತೆಗೆದರೂ ಮಾಲೀಕ ಬಚಾವಾಗುವುದಿಲ್ಲ. ಕರೆಯ ಆದೇಶ ಬಂದ ಮೇಲೆ ತೆಗೆದರಂತೂ ನುಣುಚಿಕೊಳ್ಳುವ ಉದ್ದೇಶವೇ ಇತ್ತೆಂದು ಕಾನೂನು ಭಾವಿಸುತ್ತದೆ. ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ ಮಾಲೀಕನದು.

• ಭವಿಷ್ಯ ನಿಧಿ, ನಿವೃತ್ತಿ ನಿಧಿ ಮೊದಲಾದ ಯೋಜನೆಗಳಲ್ಲಿ ನೌಕರನಿಗಿದ್ದ ಹಕ್ಕುಗಳು ಸೇನಾ ಸೇವೆಯ ಅವಧಿಯಲ್ಲೂ ನಿಯಮಾನುಸಾರ ಮುಂದುವರಿಯುತ್ತವೆ.

ಕಾನೂನಿನ ಮಿತಿಗಳು

ಕಾನೂನು ಒಳ್ಳೆಯದೇ. ಆದರೆ ಅದರ ಹಲ್ಲು ಚಿಕ್ಕದು. ಸಾವಿರ ರೂಪಾಯಿ ದಂಡಕ್ಕೆ ಇಂದು ಯಾವ ಕಂಪನಿಯೂ ಹೆದರುವುದಿಲ್ಲ. ಆರು ತಿಂಗಳ ಸಂಬಳ ಸಿಕ್ಕಿದರೂ ಹತ್ತು ವರ್ಷ ದುಡಿದು ಗಳಿಸಿದ ಸ್ಥಾನ ಮರಳಿ ಬಂದಂತಾಗುವುದಿಲ್ಲ. ನೇಮಕಾತಿ ಪತ್ರವೇ ಇಲ್ಲದೆ ಅಂಗಡಿ, ಗ್ಯಾರೇಜು, ಗೋದಾಮುಗಳಲ್ಲಿ ದುಡಿಯುವವನು ತಾನು ಅಲ್ಲಿ ಕೆಲಸದಲ್ಲಿದ್ದೆನೆಂದು ತೋರಿಸುವುದೇ ಕಷ್ಟ. ಗುತ್ತಿಗೆ ನೌಕರನ ಗುತ್ತಿಗೆ ಅವನು ಗಡಿಯಲ್ಲಿರುವಾಗಲೇ ಮುಗಿದುಹೋಗಬಹುದು. ಸ್ವಂತ ಉದ್ಯೋಗದವನಿಗಂತೂ ಮರುಸೇರ್ಪಡೆ ಮಾಡಿಕೊಳ್ಳುವ ಮಾಲೀಕನೇ ಇಲ್ಲ. ಹಾಗಾಗಿ ಕಾನೂನಿನ ಜತೆಗೆ ತನ್ನ ಎಚ್ಚರವೂ ಬೇಕು.

ತಿಳವಳ್ಳಿಯ ಮೂವರು: ಒಂದು ಉದಾಹರಣೆ

ಮಾತು ಸ್ಪಷ್ಟವಾಗಲೆಂದು ತಿಳವಳ್ಳಿಯ ಮೂವರನ್ನು ಕಲ್ಪಿಸಿಕೊಳ್ಳೋಣ. ಮೂವರೂ ಬೆಳಗಾವಿಯ ಮೇಳದಲ್ಲಿ ಆಯ್ಕೆಯಾಗಿದ್ದಾರೆಂದು ಇಟ್ಟುಕೊಳ್ಳೋಣ.

ಮೊದಲನೆಯವನು ಹಾವೇರಿಯ ಒಂದು ಟ್ರ್ಯಾಕ್ಟರ್ ಷೋರೂಮಿನಲ್ಲಿ ಮೆಕ್ಯಾನಿಕ್. ಅವನು ಮಾಡಬೇಕಾದ ಮೊದಲ ಕೆಲಸ ರಾಜೀನಾಮೆ ಕೊಡುವುದಲ್ಲ, ಮಾಲೀಕನಿಗೆ ಬರಹದಲ್ಲಿ ತಿಳಿಸುವುದು. ಸೇರ್ಪಡೆಯ ಪತ್ರ, ಶಿಬಿರದ ದಿನಾಂಕ, ಕರೆಯ ಆದೇಶ ಇವುಗಳ ಪ್ರತಿಗಳನ್ನು ಕೊಟ್ಟು ಸ್ವೀಕೃತಿ ಪಡೆಯಬೇಕು. ರಾಜೀನಾಮೆ ಕೊಟ್ಟುಬಿಟ್ಟರೆ ಕಾನೂನಿನ ರಕ್ಷಣೆಯನ್ನು ಕೇಳುವ ದಾರಿಯನ್ನು ತಾನೇ ಮುಚ್ಚಿಕೊಂಡಂತೆ. "ಸುಮ್ಮನೆ ಒಂದು ಸಹಿ ಹಾಕಿ ಹೋಗು, ಬಂದ ಮೇಲೆ ನೋಡೋಣ" ಎಂದು ಮಾಲೀಕ ಹೇಳಿದರೂ ಆ ಸಹಿ ಹಾಕಬಾರದು. ಮರಳಿ ಬಂದ ಮೇಲೆ ಎರಡು ತಿಂಗಳ ಗಡುವಿಗೆ ಕಾಯದೆ ಮೊದಲ ವಾರದಲ್ಲೇ ಬರಹದಲ್ಲಿ ಮರುಸೇರ್ಪಡೆ ಕೇಳಬೇಕು. ಮಾಲೀಕ ಒಪ್ಪದಿದ್ದರೆ ತನ್ನ ಘಟಕದ ಕಮಾಂಡಿಂಗ್ ಅಧಿಕಾರಿಗೆ ತಿಳಿಸಬೇಕು.

ಎರಡನೆಯವನು ಅನುದಾನಿತ ಶಾಲೆಯ ಶಿಕ್ಷಕ. ಅವನು ಆಡಳಿತ ಮಂಡಳಿ ಮತ್ತು ಶಿಕ್ಷಣ ಇಲಾಖೆ ಇಬ್ಬರ ಅನುಮತಿಯನ್ನೂ ಮೊದಲೇ ಪಡೆದಿರುವುದು ಕ್ಷೇಮ. ರಜೆ, ವಾರ್ಷಿಕ ಬಡ್ತಿ, ಸೇವಾ ಜ್ಯೇಷ್ಠತೆ ಇವೆಲ್ಲ ಸೇವಾ ಪುಸ್ತಕದಲ್ಲಿ ದಾಖಲಾಗಬೇಕು. ಬಾಯಿಮಾತಿನ ಒಪ್ಪಿಗೆ ಮುಖ್ಯೋಪಾಧ್ಯಾಯರು ಬದಲಾದ ದಿನವೇ ಮುಗಿಯುತ್ತದೆ. ಶಿಬಿರವನ್ನು ಬೇಸಿಗೆ ರಜೆಗೆ ಹೊಂದಿಸಿಕೊಳ್ಳಲು ಸಾಧ್ಯವೇ ಎಂದು ಘಟಕದಲ್ಲಿ ಕೇಳಬಹುದು. ಕೊಡುವುದು ಬಿಡುವುದು ಘಟಕದ ಅಗತ್ಯಕ್ಕೆ ಸೇರಿದ್ದು.

ಮೂರನೆಯವನು ರೈತ. ನಾಲ್ಕು ಎಕರೆ ಹೊಲ, ಎರಡು ಎಮ್ಮೆ, ವಯಸ್ಸಾದ ತಂದೆ ತಾಯಿ. ಮೇ ಕೊನೆ, ಜೂನ್‌ನಲ್ಲಿ ಭತ್ತದ ಕೂರಿಗೆ ಬಿತ್ತನೆ, ನಂತರ ಕಳೆ, ಗೊಬ್ಬರ, ನವೆಂಬರ್ ಡಿಸೆಂಬರ್‌ನಲ್ಲಿ ಕೊಯ್ಲು. ಕರೆ ಇವನ ಹಂಗಾಮು ನೋಡಿ ಬರುವುದಿಲ್ಲ. ಹೊಲ ಯಾರಿಗೂ ರಜೆ ಕೊಡುವುದಿಲ್ಲ. 7ಎ ವಿಧಿ ಇವನಿಗೆ ಏನೂ ಸಹಾಯ ಮಾಡದು. ಆದರೂ ಇವನು ಮಾಡಿಕೊಳ್ಳಬಹುದಾದ ಏರ್ಪಾಡುಗಳಿವೆ. ಹೊಲವನ್ನು ಲಾವಣಿಗೆ ಕೊಡುವುದಾದರೆ ಎಷ್ಟು ವರ್ಷಕ್ಕೆ, ಎಷ್ಟು ಪಾಲಿಗೆ ಎಂಬುದನ್ನು ಕಾಗದದಲ್ಲಿ ಬರೆದುಕೊಳ್ಳಬೇಕು. ಸಹಕಾರ ಸಂಘದ ಬೆಳೆ ಸಾಲದ ಕಂತು, ಬೆಳೆ ವಿಮೆಯ ಕೊನೆಯ ದಿನ ಇವನ್ನು ಹೆಂಡತಿಗೋ ತಮ್ಮನಿಗೋ ಹೇಳಿಕೊಟ್ಟಿರಬೇಕು. ಸೊಸೈಟಿ ಮತ್ತು ಬ್ಯಾಂಕಿನ ಕೆಲಸಕ್ಕೆ ನಂಬಿಕೆಯವರೊಬ್ಬರಿಗೆ ಅಧಿಕಾರ ಪತ್ರ ಮಾಡಿಕೊಟ್ಟಿದ್ದರೆ ಪ್ರತಿ ಸಹಿಗೂ ಗಡಿಯಿಂದ ಓಡಿಬರಬೇಕಾಗಿಲ್ಲ.

ಮೂವರಲ್ಲಿ ಹೆಚ್ಚು ಕಳೆದುಕೊಳ್ಳುವವನು ಈ ರೈತನೇ. ಆದರೆ ಭರ್ತಿ ಮೇಳದ ಸಾಲಿನಲ್ಲಿ ನಿಲ್ಲುವವರಲ್ಲಿ ಹಳ್ಳಿಯ ಒಕ್ಕಲು ಮನೆಗಳ ಹುಡುಗರೇ ಬಹಳ. ಇದನ್ನು ಯಾರೂ ಅವರಿಗೆ ಮೊದಲು ಹೇಳುವುದಿಲ್ಲ.

ಕೆಲಸ ಕೊಡುವವರಿಗೆ

ಶಾಲೆ, ಆಸ್ಪತ್ರೆ, ಮುದ್ರಣಾಲಯ, ಸಹಕಾರ ಸಂಘ ನಡೆಸುವವರಲ್ಲಿ ನಮ್ಮ ಓದುಗರೂ ಅನೇಕರಿದ್ದಾರೆ. ಧರ್ಮಕೇಂದ್ರಗಳ ಆಶ್ರಯದ ಸಂಸ್ಥೆಗಳೂ ಕಾನೂನಿನ ದೃಷ್ಟಿಯಲ್ಲಿ ಮಾಲೀಕರೇ. ಸಿಬ್ಬಂದಿಯಲ್ಲಿ ಯಾರಾದರೂ ಟಿ.ಎ.ಯಲ್ಲಿದ್ದರೆ ಈ ಕೆಲವು ಅಂಶಗಳನ್ನು ಪಾಲಿಸಿದರೆ ಇಬ್ಬರಿಗೂ ತೊಂದರೆಯಿಲ್ಲ:

1. ಸೇರುವ ಮೊದಲೇ ಅವರೊಂದಿಗೆ ಕುಳಿತು ಮಾತಾಡಿ. ಅನುಮತಿ ಕೊಡಲು ಆಗದಿದ್ದರೆ ಆಗಲೇ ಹೇಳಿ. ಒಪ್ಪಿ ಕೊಟ್ಟ ಮೇಲೆ ಹಿಂದೆ ಸರಿಯಬೇಡಿ.

2. ಅವರ ಜಾಗಕ್ಕೆ ಬರುವವರ ನೇಮಕಾತಿ ಪತ್ರದಲ್ಲಿ "ಮೂಲ ನೌಕರರು ಸೇನಾ ಸೇವೆಯಿಂದ ಮರಳುವವರೆಗೆ ತಾತ್ಕಾಲಿಕ" ಎಂದು ಸ್ಪಷ್ಟವಾಗಿ ಬರೆಯಿರಿ. ಹೊಸಬರಿಗೂ ಮೋಸವಾಗಬಾರದು.

3. ಹೊರಡುವ ಮೊದಲು ಕೆಲಸ ಹಸ್ತಾಂತರಕ್ಕೆ ಒಂದು ವಾರವಾದರೂ ಸಿಗುವಂತೆ ನೋಡಿಕೊಳ್ಳಿ. ಆದರೆ ತುರ್ತು ಕರೆ ಬಂದರೆ ಆ ವಾರವೂ ಸಿಗದಿರಬಹುದು.

4. ಭವಿಷ್ಯ ನಿಧಿ, ಇ.ಎಸ್.ಐ. ಖಾತೆಗಳಲ್ಲಿ "ಕೆಲಸ ಬಿಟ್ಟರು" ಎಂದು ದಾಖಲಿಸಬೇಡಿ.

5. ಬಡ್ತಿಯ ಪಟ್ಟಿ ಮಾಡುವಾಗ ಅವರನ್ನು ಮರೆಯಬೇಡಿ. ಕಣ್ಣೆದುರು ಇಲ್ಲದವರ ಹೆಸರು ಪಟ್ಟಿಯಿಂದ ಸುಲಭವಾಗಿ ಜಾರುತ್ತದೆ.

ಸಣ್ಣ ಸಂಸ್ಥೆಗೆ ಇದು ಹೊರೆಯೇ. ಇಬ್ಬರೇ ನರ್ಸುಗಳಿರುವ ಊರಿನ ಆಸ್ಪತ್ರೆಯಲ್ಲಿ ಒಬ್ಬರು ವರ್ಷವಿಡೀ ಇಲ್ಲದಿದ್ದರೆ ರೋಗಿಗಳಿಗೂ ಕಷ್ಟ. ಪ್ರಾಧಿಕಾರ ಮಾಲೀಕನಿಗೆ ವಿನಾಯಿತಿ ನೀಡಬಹುದು ಎಂಬ ಅವಕಾಶ ಕಾನೂನಿನಲ್ಲಿ ಇರುವುದು ಈ ಕಾರಣಕ್ಕೆ. ಅದು ಕೇಳಿ ಪಡೆಯುವ ವಿನಾಯಿತಿ, ತಾನೇ ತೆಗೆದುಕೊಳ್ಳುವ ಸ್ವಾತಂತ್ರ್ಯವಲ್ಲ.

ಬೇರೆ ದೇಶಗಳಲ್ಲಿ

ಹೊರದೇಶದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳಿಗೂ ಈ ವಿಷಯ ಸಂಬಂಧಿಸಿದೆ. ಅಮೆರಿಕದಲ್ಲಿ 1994ರ ಯುಸೆರಾ ಎಂಬ ಕಾನೂನು ನ್ಯಾಷನಲ್ ಗಾರ್ಡ್ ಮತ್ತು ಮೀಸಲು ಪಡೆಯವರ ಉದ್ಯೋಗವನ್ನು ಕಾಯುತ್ತದೆ. ಒಬ್ಬ ಮಾಲೀಕನ ಬಳಿ ಸಾಮಾನ್ಯವಾಗಿ ಒಟ್ಟು ಐದು ವರ್ಷದವರೆಗಿನ ಸೇವೆಗೆ ಈ ರಕ್ಷಣೆ ಇದೆ. 180 ದಿನಕ್ಕಿಂತ ಹೆಚ್ಚು ಸೇವೆ ಮಾಡಿದವರು 90 ದಿನದೊಳಗೆ ಮರುಸೇರ್ಪಡೆ ಕೇಳಬೇಕು. ಸಿಂಗಪುರದಲ್ಲಿ ಕಡ್ಡಾಯ ಸೇವೆ ಮುಗಿಸಿದವರನ್ನು ವರ್ಷಕ್ಕೆ 40 ದಿನದವರೆಗೆ ಮತ್ತೆ ಕರೆಯಬಹುದು. ಆ ದಿನಗಳಲ್ಲಿ ಕಳೆದುಕೊಂಡ ನಾಗರಿಕ ಸಂಪಾದನೆಯನ್ನು ಸರ್ಕಾರ ತುಂಬಿಕೊಡುತ್ತದೆ. ಸ್ವಂತ ಉದ್ಯೋಗದವರಿಗೂ ಅಲ್ಲಿ ಈ ಸೌಲಭ್ಯವಿದೆ. ನಮ್ಮಲ್ಲಿ ರೈತನಿಗೆ ಸಿಗದೆ ಉಳಿದಿರುವುದು ಇದೇ.

ಹೋಲುವ ಇತರ ಸೇವೆಗಳು

ಗೃಹರಕ್ಷಕ ದಳವನ್ನು ಟಿ.ಎ. ಎಂದು ತಿಳಿಯಬಾರದು. ಗೃಹರಕ್ಷಕರು 1962ರ ರಾಜ್ಯ ಕಾಯಿದೆಯ ಅಡಿಯಲ್ಲಿ ಪೊಲೀಸರಿಗೆ ನೆರವಾಗುವ ಸ್ವಯಂಸೇವಕರು. ಚುನಾವಣೆ, ಜಾತ್ರೆ, ಬಂದೋಬಸ್ತುಗಳಲ್ಲಿ ಕರ್ತವ್ಯ ಮಾಡಿದ ದಿನಗಳಿಗೆ ಭತ್ಯೆ ಪಡೆಯುತ್ತಾರೆ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯೂ ಬೇರೆ. ಅಗ್ನಿವೀರರು ನಾಲ್ಕು ವರ್ಷ ಪೂರ್ಣಾವಧಿ ಸೇವೆಯಲ್ಲಿರುತ್ತಾರೆ. ಆಮೇಲೆ ಶೇ. 25ರಷ್ಟು ಜನರವರೆಗೆ ಮಾತ್ರ ಮುಂದುವರಿಯುವ ಅವಕಾಶ. ಯಾವುದಕ್ಕೆ ಅರ್ಜಿ ಹಾಕುತ್ತಿದ್ದೇವೆ ಎಂಬುದನ್ನು ತಿಳಿದು ಹಾಕಬೇಕು.

ಸೇರುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

• ಈ ವರ್ಷ ಎರಡು ತಿಂಗಳು ನಾನಿಲ್ಲದಿದ್ದರೆ ನನ್ನ ಕೆಲಸ ಯಾರು ನೋಡುತ್ತಾರೆ? ಎರಡು ವರ್ಷ ಇಲ್ಲದಿದ್ದರೆ?

• ನನ್ನ ಬಳಿ ನೇಮಕಾತಿ ಪತ್ರ, ಸಂಬಳದ ಚೀಟಿ, ಭವಿಷ್ಯ ನಿಧಿಯ ಸಂಖ್ಯೆ ಇವೆಯೇ?

• ಮಾಲೀಕರಿಗೆ ಬರಹದಲ್ಲಿ ತಿಳಿಸಿದ್ದೇನೆಯೇ? ಸ್ವೀಕೃತಿ ಪಡೆದಿದ್ದೇನೆಯೇ?

• ಸೇವೆಯಿಂದ ಬಿಡುಗಡೆಯಾದ ದಿನ ಸಂಬಳ ನಿಲ್ಲುತ್ತದೆ. ಆಗ ಮನೆ ಹೇಗೆ ನಡೆಯುತ್ತದೆ?

• ಸಾಲದ ಕಂತು, ವಿಮೆ, ನಾಮನಿರ್ದೇಶನ ಇವು ಸರಿಯಾಗಿವೆಯೇ? ಮನೆಯವರಿಗೆ ಗೊತ್ತೇ?

ಈ ಪ್ರಶ್ನೆಗಳಿಗೆ ಉತ್ತರವಿರುವ ಯುವಕ ಧೈರ್ಯವಾಗಿ ಸೇರಬಹುದು. ಉತ್ತರವಿಲ್ಲದವನು ಒಂದು ವರ್ಷ ತಡೆದು, ಕೆಲಸ ಗಟ್ಟಿ ಮಾಡಿಕೊಂಡು ಸೇರಿದರೂ ತಡವಾಗುವುದಿಲ್ಲ. 42ರವರೆಗೆ ಬಾಗಿಲು ತೆರೆದಿರುವುದು ಇಂಥವರಿಗಾಗಿಯೇ.

ಸಮವಸ್ತ್ರ ತೊಟ್ಟು ಹೋಗುವ ದಿನ ಊರೆಲ್ಲ ಬಂದು ಹಾರ ಹಾಕುತ್ತದೆ. ಅವನು ಮರಳಿ ಬಂದ ದಿನ ಅವನ ಕುರ್ಚಿ, ಅವನ ಯಂತ್ರ, ಅವನ ಹೊಲ ಅವನಿಗಾಗಿ ಉಳಿದಿದ್ದರೆ ಆ ಹಾರಕ್ಕೆ ಬೆಲೆ. ಅದನ್ನು ಉಳಿಸಿಕೊಡುವ ಕೆಲಸ ಕಾನೂನಿನದು ಅರ್ಧ, ಮಾಲೀಕರು, ನೆರೆಹೊರೆಯವರು ಮತ್ತು ಮನೆಯವರಾದ ನಮ್ಮದು ಇನ್ನರ್ಧ.